ಇಲ್ಲದ ಅಗಸಿ

ನಮ್ಮ ಸೀಮೆಗೆಲ್ಲ ಸಗರನಾಡು ಅಂತ ಹೆಸರು ಕೊಟ್ಟ ಸಗರ ಈಗೊಂದು ಹಳ್ಳಿ. ಅಲ್ಲಿ ಹೊಲದ ದಾರಿ ಅಳೆಯಲು ಹೋಗಿದ್ದೆ. ಮಧ್ಯಾಹ್ನದ ಝಳಕ್ಕೆ ಶಹಾಪುರದ ಕಡೆಯ ಗುಡ್ಡಗಳು ನೆಲ ಬಿಟ್ಟು ತೇಲುತ್ತಿದ್ದವು. ಅಳತೆಯ ಯಂತ್ರಕ್ಕೆ ಕಣ್ಣಿಟ್ಟು ನಿಂತಾಗ, ಮೇವಿನ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ಬಟಾಬಯಲಿನಲ್ಲಿ ಒಂದು ಕಡೆ ಮೊಣಕಾಲು ಮಡಚಿ ಬಗ್ಗಿ ನಡೆದು, ಮತ್ತೆ ನೆಟ್ಟಗಾದಳು.

“ಯಾಕವ್ವಾ, ಕಾಲು ನೋಯಾಕತ್ತಾವೇನು?” ಅಂದೆ.

“ಅಗಸಿ ಅದಲ್ರಿ. ಹೊರಿ ಬಡೀತದ.”

ಅಗಸಿ ಅಂದರೆ ಊರಬಾಗಿಲು. ಅಲ್ಲಿ ಬಾಗಿಲಿರಲಿ, ಒಂದು ಕಲ್ಲೂ ಇರಲಿಲ್ಲ.

“ನೀ ನೋಡೀಯೇನು ಆ ಅಗಸಿ?”

“ನಾ ಎಲ್ಲಿ ನೋಡ್ಲಿರಿ? ನಮ್ಮತ್ತಿನೂ ನೋಡಿಲ್ಲ. ಆಕಿನೂ ಬಗ್ಗೇ ದಾಟತಿದ್ಲು. ಆ ಗುಡ್ಡದ ತನಕ ಶಹರ ಇತ್ತಂತ್ರಿ. ನೀವು ಈಗ ನಿಂತಿದ್ದು ಪ್ಯಾಟ್ಯಾಗ.”

ಆಗಲಿ ಎಂದು ಗುರುತಿನ ಗೂಟ ಬಡಿಯಲು ಹೋದೆ. ಯಂತ್ರ ತೋರಿಸಿದ ಜಾಗ ಸರಿಯಾಗಿ ಆಕೆ ಬಗ್ಗಿದ್ದಲ್ಲೇ. ಆಕೆಯ ದನಿ ಬಿರುಸಾಯಿತು.

“ಬಾಗಲದಾಗ ಯಾರರ ಗೂಟ ಬಡೀತಾರೇನ್ರಿ? ಮಂದಿ ಹೆಂಗ ಅಡ್ಡಾಡಬೇಕು?”

ಯಾವ ಮಂದಿ ಅಂತ ಕೇಳಬೇಕೆಂದಿದ್ದೆ. ಗುಡ್ಡದ ಬುಡ ಝಳದಲ್ಲಿ ಅಲುಗಾಡುತ್ತಿತ್ತು. ಅಲ್ಲಿ ಗಾಡಿ, ಕುದುರೆ, ಅತ್ತರಿನ ಅಂಗಡಿ, ಏನಿದ್ದರೂ ಇರಬಹುದು ಅನ್ನಿಸಿತು. ಗೂಟ ಪಕ್ಕಕ್ಕೆ ಸರಿಸಿ ಬಡಿದೆ.

ದಾರಿಯ ಗೆರೆ ಅಲ್ಲೇ ಯಾಕೆ ಸೊಟ್ಟಗಾಯಿತು ಅಂತ ಕಚೇರಿಯಲ್ಲಿ ಈಗಲೂ ಕೇಳುತ್ತಾರೆ. ಬಿಸಿಲು ಅನ್ನುತ್ತೇನೆ. ಸಂಜೆ ಯಂತ್ರದ ಮುಕ್ಕಾಲಿ ಹೆಗಲಿಗೇರಿಸಿಕೊಂಡು ಆ ಜಾಗ ದಾಟುವಾಗ ನಾನೂ ಬಗ್ಗಿದ್ದು, ಪುಣ್ಯಕ್ಕೆ, ನಕ್ಷೆಯಲ್ಲಿ ಕಾಣುವುದಿಲ್ಲ.