ಅಣ್ಣನ ಎಲೆಗೆ ಏನು ಬಡಿಸುವುದು

ಟೊಕ್, ಟೊಕ್, ನಡುವೆ ಒಂದು ಬಿಡುವು, ಮತ್ತೆ ಟೊಕ್. ಮಣ್ಣಿನ ಒರಳಿಗೆ ಮರದ ಗಿಡ್ಡ ಒನಕೆ ಬೀಳುವ ಸದ್ದು. ಮೂಡುಬಿದಿರೆಯ ಅಣ್ಣನ ಮನೆಯ ಹಿಂದಿನ ಜಗಲಿಯಲ್ಲಿ ನನ್ನ ಅತ್ತಿಗೆ ಪಪ್ಪಾಯಿಕಾಯಿಯ ತುರಿಗೆ ಸೂಜಿಮೆಣಸು, ಬೆಲ್ಲ, ಹುಣಸೆಹುಳಿ ಹಾಕಿ ಜಜ್ಜುವಾಗ ಬರುತ್ತಿದ್ದದ್ದು. ಅಕ್ಕಿ ಕುಟ್ಟುವ ಸದ್ದಿನಂತೆ ಗಟ್ಟಿಯಲ್ಲ. ಒಳಗೆ ರಸ ಉಂಟು ಎಂದು ಕಿವಿಗೇ ತಿಳಿಯುವಂಥ ಒದ್ದೆ ಸದ್ದು. ಮೊನ್ನೆ ಬಿ.ಸಿ.ರೋಡಿನ ಹೊಸ ಹೋಟೆಲೊಂದರ ಎ.ಸಿ. ರೂಮಿನಲ್ಲಿ ಕೂತು ಅದಕ್ಕಾಗಿ ಸುಮ್ಮನೆ ಕಿವಿಗೊಟ್ಟೆ. ಒಳಗಿನಿಂದ ಮಿಕ್ಸಿ ತಿರುಗುವುದು ಕೇಳಿಸಿತು, ಹೊರಗಿನಿಂದ ಧರ್ಮಸ್ಥಳದ ಬಸ್ಸಿನ ಹಾರ್ನ್.

ಕರೆದುಕೊಂಡು ಹೋದವಳು ಮೊಮ್ಮಗಳು ತನ್ವಿ. ಬೋರ್ಡಿನಲ್ಲಿ ‘ಅಥೆಂಟಿಕ್ ಥಾಯ್, ಚೈನೀಸ್, ಅರೇಬಿಯನ್’ ಎಂದಿತ್ತು. ಒಂದೇ ಅಡುಗೆಮನೆ ಮೂರು ದೇಶಗಳಿಗೆ ಹೇಗೆ ಅಥೆಂಟಿಕ್ ಆಗುತ್ತದೋ ಎಂದು ನಾನು ಯೋಚಿಸುತ್ತಿರುವಾಗಲೇ ಬೇಸಿಲ್ ಚಿಕನ್ ಬಂತು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮಗೆ ಹೊಸ ಇಂಗ್ಲಿಷ್ ಪದ ಕೊಟ್ಟು, ‘ಯೂಸ್ ಇನ್ ಎ ಸೆಂಟೆನ್ಸ್’ ಎನ್ನುತ್ತಿದ್ದರು. ಅಥೆಂಟಿಕ್ ಎಂಬ ಪದ ಬಂದಿದ್ದರೆ ಏನು ಬರೆಯುತ್ತಿದ್ದೆನೋ. ಇಂದಿಗೂ ನನ್ನಲ್ಲಿ ಅದಕ್ಕೊಂದು ಸೆಂಟೆನ್ಸ್ ಇಲ್ಲ. ತಟ್ಟೆಯಲ್ಲಿ ದೊಣ್ಣೆಮೆಣಸು ಧಾರಾಳವಾಗಿತ್ತು, ಸಕ್ಕರೆಯೂ. ಮೇಲೆ ಪ್ಲಾಸ್ಟಿಕ್ ಡಬ್ಬಿಯಿಂದ ಆಗಷ್ಟೇ ಎದ್ದು ಬಂದಂತಿದ್ದ, ಅಂಗೈ ಅಗಲದ ಎರಡು ಬೇಸಿಲ್ ಎಲೆ.

“ಹೇಗುಂಟು ಅಜ್ಜಿ? ಅಥೆಂಟಿಕಾ?”

“ಲಾಯ್ಕ್ ಉಂಟು.”

“ಲಾಯ್ಕ್ ಉಂಟಾ ಅಂತ ಕೇಳಿದ್ದಲ್ಲ ನಾನು. ನಿಮ್ಮ ಅಣ್ಣ ಬ್ಯಾಂಕಾಕಿನಲ್ಲಿ ಇದ್ದದ್ದಲ್ವಾ? ನಿಮಗಲ್ಲದೆ ಮತ್ತೆ ಯಾರಿಗೆ ಗೊತ್ತಿರ್ತದೆ?”

ಗೊತ್ತಿರಬೇಕಿತ್ತು, ನಿಜ. ಆದರೆ ಈ ವಿಷಯದಲ್ಲಿ ನನಗೆ ವಯಸ್ಸಾದಷ್ಟೂ ಗೊಂದಲವೇ ಹೆಚ್ಚಾಗಿದೆ. ನೀವೇ ಕೇಳಿ, ಕೇಳಿ ಹೇಳಿ.

ನನ್ನ ಅಣ್ಣ ಸದಾನಂದ ಚಿಕ್ಕ ವಯಸ್ಸಿನಲ್ಲೇ ಬೊಂಬಾಯಿಯ ಹೋಟೆಲು ಸೇರಿ, ಅಲ್ಲಿಂದ ಬ್ಯಾಂಕಾಕಿಗೆ ಹಾರಿ, ಕೊನೆಗೆ ಅಲ್ಲೊಂದು ಗಲ್ಲಿಯಲ್ಲಿ ತನ್ನದೇ ಇಂಡಿಯನ್ ರೆಸ್ಟೋರೆಂಟ್ ತೆರೆದವನು. ಒಮ್ಮೆ ನಾನೂ ಹೋಗಿದ್ದೆ. ಗೋಡೆಯಲ್ಲಿ ತಾಜಮಹಲು, ಮೆನುವಿನಲ್ಲಿ ನಾನ್, ಪನೀರು, ದಾಲ್ ಮಖನಿ. ಅಡುಗೆಯವನು ನಮ್ಮ ಕಡೆಯ ಕೊಕ್ಕಡದವನು. ಅವನಾಗಲಿ ಅಣ್ಣನಾಗಲಿ ಹುಟ್ಟಿದ ಮನೆಯಲ್ಲಿ ಇವನ್ನೆಲ್ಲ ಕಂಡವರೇ ಅಲ್ಲ.

“ನಮ್ಮ ನೀರುದೋಸೆ ಎಲ್ಲುಂಟು?” ಎಂದು ಕೇಳಿದೆ.

“ಅದನ್ನು ಇಟ್ಟರೆ ಇದು ಇಂಡಿಯನ್ ಅಲ್ಲ ಅಂತ ಎದ್ದು ಹೋಗ್ತಾರೆ ಮಾರಾಯ್ತಿ,” ಎಂದು ಅಣ್ಣ ನಕ್ಕ.

ಅಲ್ಲೇ ತರಕಾರಿ ಕತ್ತರಿಸುವ ಕೆಲಸಕ್ಕೆ ಬಂದವಳು ನೊಯಿ. ಮುಂದೆ ನನ್ನ ಅತ್ತಿಗೆಯಾದಳು. ವಯಸ್ಸಾದ ಮೇಲೆ ಅಣ್ಣ ಅಂಗಡಿ ಮುಚ್ಚಿ ಅವಳೊಂದಿಗೆ ಮೂಡುಬಿದಿರೆಗೆ ಬಂದು ಮನೆ ಮಾಡಿದ. ಅವಳಿಗೆ ಕನ್ನಡ ಹತ್ತಲಿಲ್ಲ, ತುಳು ಹತ್ತಿತು. ಮೀನು ಮಾರುವವಳ ಜೊತೆ ಚೌಕಾಶಿ ಮಾಡುವಷ್ಟು ತುಳು ಬಂದ ದಿನ ಅಣ್ಣ ಬೀದಿಗೆಲ್ಲ ಸಿಹಿ ಹಂಚದಿದ್ದದ್ದೇ ಹೆಚ್ಚು. ನಾನು ಬಂಟ್ವಾಳದಿಂದ ಬಸ್ಸು ಹತ್ತಿ ಆಗಾಗ ಹೋಗುತ್ತಿದ್ದೆ. ಅತ್ತಿಗೆಯನ್ನು ನೋಡಲು ಎಂದು ಹೇಳುತ್ತಿದ್ದೆ, ನಿಜವಾಗಿ ಊಟಕ್ಕೆ.

ಅಂಥ ಒಂದು ದಿನ ಬೆಳ್ತಂಗಡಿಯಿಂದ ನಮ್ಮ ದೊಡ್ಡಕ್ಕ ಗುಲಾಬಿಯೂ ಬಂದಿದ್ದಳು. ಗುಲಾಬಕ್ಕ ಎಂದರೆ ನಮ್ಮ ಕುಟುಂಬದ ಕ್ರಮ-ಕಟ್ಟಳೆಗಳಿಗೆಲ್ಲ ಹೈಕೋರ್ಟು. ಅತ್ತಿಗೆ ಬಿಸಿ ಅನ್ನ, ಕೊಚ್ಚಿ ಹುರಿದ ಕೋಳಿ, ಅದರ ಮೇಲೊಂದು ಮೊಟ್ಟೆ ಬಡಿಸಿದಳು. ಬಾಣಲೆಯಿಂದ ಎದ್ದ ಪರಿಮಳ ಪರಿಚಿತವೇ, ಆದರೆ ಅಡುಗೆಮನೆಯದಲ್ಲ. ಗುಲಾಬಕ್ಕ ಒಂದು ಎಲೆ ಎತ್ತಿ ಮೂಗಿನ ಹತ್ತಿರ ಹಿಡಿದಳು.

“ಇದೆಂತ ಇದು? ಕೋಳಿಗೆ ತುಳಸಿಯಾ?”

“ಹೌದಕ್ಕ,” ತನ್ನ ತುಳುವಿನಲ್ಲಿ ಹೇಳಿದ ಅತ್ತಿಗೆಗೆ ಖುಷಿಯೋ ಖುಷಿ. “ಅಲ್ಲಿ ಮಾರ್ಕೆಟಿಗೆ ಹೋಗಿ ತರ್ಬೇಕು. ಇಲ್ಲಿ ಬಾಗಿಲಲ್ಲೇ ಉಂಟು. ಕಟ್ಟೆ ಕಟ್ಟಿ ಸಾಕಿದ್ದೀರಿ!”

ಗುಲಾಬಕ್ಕ ತಟ್ಟೆ ಸರಿಸಿ ಎದ್ದು ಬಾವಿಕಟ್ಟೆಗೆ ನಡೆದಳು. ಅಣ್ಣ ಹಿಂದೆಯೇ ಹೋದ.

“ಅವಳ ಊರಲ್ಲಿ ಅದು ನಮ್ಮ ಕೊತ್ತಂಬರಿ ಸೊಪ್ಪಿನ ಹಾಗೆ ಅಕ್ಕ. ಬೇಕಿದ್ದರೆ ಹಿತ್ತಿಲಲ್ಲಿ ಬೇರೆ ಗಿಡ ನೆಡುವ.”

“ಹಿತ್ತಿಲಲ್ಲಿ ನೆಟ್ಟರೆ ತುಳಸಿ ತುಳಸಿ ಅಲ್ಲದೆ ಆಗ್ತದಾ? ಬುದ್ಧಿ ಉಂಟಾ ನಿನಗೆ?”

ನನ್ನ ಬಾಯಲ್ಲಿ ಅರ್ಧ ಅಗಿದ ತುತ್ತಿತ್ತು. ಉಗುಳುವುದೋ ನುಂಗುವುದೋ? ಕಾನ್ವೆಂಟಿನ ಟೇಬಲ್ ಮ್ಯಾನರ್ಸ್‌ನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನುಂಗಿದೆ. ಅಷ್ಟು ರುಚಿಯಾದದ್ದನ್ನು ಆಮೇಲೆ ಎಲ್ಲಿಯೂ ತಿಂದಿಲ್ಲ. ಹೀಗೆ ಬರೆಯುವುದು ಸರಿಯೋ ತಪ್ಪೋ, ಅದೂ ತಿಳಿಯದು.

ಅಂದಿನಿಂದ ಅತ್ತಿಗೆ ತುಳಸಿ ಮುಟ್ಟಲಿಲ್ಲ. ಕಾಮಕಸ್ತೂರಿ ಹಾಕಿ ಮಾಡಿದಳು, ಪುದೀನ ಹಾಕಿ ಮಾಡಿದಳು. ಅಣ್ಣ ತಿಂದು “ಆಗ್ತದೆ” ಎನ್ನುತ್ತಿದ್ದ. ಹೋಟೆಲಿನವನ ಬಾಯಲ್ಲಿ ‘ಆಗ್ತದೆ’ ಬಂದರೆ ಆಗುವುದಿಲ್ಲ ಎಂದೇ ಅರ್ಥ.

ಅಣ್ಣ ತೀರಿಕೊಳ್ಳುವ ಹೊತ್ತಿಗೆ ಗುಲಾಬಕ್ಕ ತುಳಸಿ ಎಲೆ ಹಾಕಿದ ನೀರನ್ನು ಅವನ ಬಾಯಿಗೆ ಬಿಟ್ಟಳು. ಕಾಲ ಬುಡದಲ್ಲಿ ನಿಂತಿದ್ದ ಅತ್ತಿಗೆ ನನ್ನ ಸೆರಗು ಎಳೆದು ಮೆಲ್ಲಗೆ ಕೇಳಿದಳು: “ಈಗ ಕೊಡಬಹುದಾ?” ಅದರಲ್ಲಿ ವ್ಯಂಗ್ಯವಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ನಮ್ಮ ಕಡೆ ಒಂದು ಕ್ರಮ ಉಂಟು. ಮಳೆಗಾಲದ ಆಟಿ ತಿಂಗಳು ಬಂತೆಂದರೆ ತೀರಿಕೊಂಡವರಿಗೆ ಬಾಳೆಲೆ ಹಾಕಿ, ಅವರು ಬದುಕಿದ್ದಾಗ ಆಸೆಪಟ್ಟು ತಿಂದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂರುವುದು. ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಮನೆಯವರೆಲ್ಲ ಅದನ್ನು ಹಂಚಿಕೊಂಡು ತಿನ್ನುವುದು. ಆಸೆಯದ್ದು ಎಲೆಯಲ್ಲಿ ಇಲ್ಲದಿದ್ದರೆ ಬಂದವರು ಮುಟ್ಟದೆ ಹಾಗೆಯೇ ಹೋಗುತ್ತಾರಂತೆ. ಅಣ್ಣನಿಗೆ ಮೊದಲ ಸಲ ಬಡಿಸುವ ದಿನ ಈ ಪ್ರಶ್ನೆ ಎದ್ದಿತು: ಅವನಿಗೆ ಯಾವುದರ ಆಸೆ?

“ಕೋಳಿ ರೊಟ್ಟಿ. ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?” ಎಂದಳು ಗುಲಾಬಕ್ಕ. ತೆಂಗಿನಹಾಲಿನ ಕೋಳಿಸಾರು, ಅದರಲ್ಲಿ ನೆನೆಸಿ ತಿನ್ನುವ ಗರಿಗರಿ ಅಕ್ಕಿರೊಟ್ಟಿ.

“ಬ್ಯಾಂಕಾಕಿನಲ್ಲಿ ಅಂಗಡಿ ಮುಚ್ಚಿದ ಮೇಲೆ ದಿನಾ ನನ್ನ ಜೊತೆ ಕೂತು ತಿಂದದ್ದು ಅದಲ್ಲ,” ಎಂದಳು ಅತ್ತಿಗೆ. “ಈ ಕೊಚ್ಚಿದ ಕೋಳಿ. ಮೊಟ್ಟೆ ಹಾಕಿದ್ದು.”

“ಅಲ್ಲಿ ರೊಟ್ಟಿ ಸಿಗ್ಲಿಲ್ಲ, ಅದಕ್ಕೆ ತಿಂದ.”

“ಇಲ್ಲಿ ಇದು ಸಿಗ್ಲಿಲ್ಲ, ಅದಕ್ಕೆ ರೊಟ್ಟಿ ತಿಂದರು.”

ಇಬ್ಬರೂ ನನ್ನತ್ತ ನೋಡಿದರು. ಇಂಗ್ಲಿಷ್ ಓದಿದವಳಲ್ಲವೇ, ತೀರ್ಪು ಕೊಡಲಿ ಎಂದು. ನನಗೆ ಇಬ್ಬರದ್ದೂ ಸರಿ ಕಂಡಿತು. ಬ್ಯಾಂಕಾಕಿನಲ್ಲಿ ಅಣ್ಣ ರೊಟ್ಟಿಯ ಜಪ ಮಾಡುತ್ತಿದ್ದದ್ದನ್ನು ಕೇಳಿದ್ದೇನೆ. ಮೂಡುಬಿದಿರೆಯಲ್ಲಿ ಬ್ಯಾಂಕಾಕಿನ ಗಲ್ಲಿಯ ಊಟದ ಜಪ ಮಾಡುತ್ತಿದ್ದದ್ದನ್ನೂ. ಅವನ ಆಸೆ ಯಾವಾಗಲೂ ಅವನಿಲ್ಲದ ಊರಿನದ್ದು. ಹಾಗಾದರೆ ಈಗ ಅವನಿರುವ ಊರಿನಿಂದ ಯಾವುದಕ್ಕೆ ಆಸೆಪಡುತ್ತಾನೆ? “ಎರಡೂ ಬಡಿಸುವ,” ಎಂದೆ. ತೀರ್ಪು ಕೊಡಲಾಗದವರು ಕೊಡುವ ತೀರ್ಪು ಅದು.

ದೀಪ ಹಚ್ಚುವ ಹೊತ್ತಿಗೆ ಎಲೆ ಹಾಕಿದೆವು. ಎಲ್ಲ ಬಡಿಸಿಯಾದ ಮೇಲೆ ಗುಲಾಬಕ್ಕ ಬಗ್ಗಿ ನೋಡಿದಳು.

“ನೊಯೀ, ಇದರಲ್ಲಿ ಆ ಎಲೆ ಕಾಣುದಿಲ್ಲ?”

“ನೀವು ಬೇಡ ಅಂದಿದ್ದೀರಿ ಅಕ್ಕ. ಹಾಕ್ಲಿಲ್ಲ.”

ಗುಲಾಬಕ್ಕ ದೀಪವನ್ನು ಎಲೆಯ ಹತ್ತಿರಕ್ಕೆ ಸರಿಸಿದಳು. ಮತ್ತೆ, “ಹಾಗಾದ್ರೆ ಇದು ಅದೇ ಅಂತ ಅವನಿಗೆ ಗೊತ್ತಾಗುದು ಹೇಗೆ?” ಎಂದಳು. “ಬಂದು, ಮೂಸಿ ನೋಡಿ, ಇದಲ್ಲ ಅಂತ ಹೋದ್ರೆ?”

ಅತ್ತಿಗೆ ಅಂಗಳದ ಕಡೆ ನೋಡಿದಳು. ಗುಲಾಬಕ್ಕನೂ ನೋಡಿದಳು. ಕತ್ತಲಾಗಿತ್ತು. ಕತ್ತಲಾದ ಮೇಲೆ ತುಳಸಿ ಕೊಯ್ಯುವಂತಿಲ್ಲ. ಅದು ಅತ್ತಿಗೆಗೂ ಅಷ್ಟರಲ್ಲಿ ಗೊತ್ತಿತ್ತು. ಕೊನೆಗೆ ಹೈಕೋರ್ಟೇ ಎದ್ದು ಬಾಗಿಲೆಳೆಯಿತು. ಮಳೆಯ ಎರಚಲಿನಲ್ಲಿ ಮೂವರೂ ಜಗಲಿಯಲ್ಲಿ ಒತ್ತಿಕೊಂಡು ಕೂತೆವು. ಒಳಗಿನಿಂದ ಏನೂ ಕೇಳಿಸಲಿಲ್ಲ. ಬಾಗಿಲು ತೆರೆದಾಗ ಎಲೆ ಇಟ್ಟ ಹಾಗೆಯೇ ಇತ್ತು. ಯಾವಾಗಲೂ ಹಾಗೆಯೇ ಇರುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಹಂಚಿಕೊಂಡು ತಿನ್ನುವಾಗ ಗುಲಾಬಕ್ಕ ಆ ಕೋಳಿಯನ್ನು ನಿಧಾನವಾಗಿ ಅಗಿದಳು. “ಆ ಎಲೆ ಬಿದ್ದಿದ್ದರೆ ಹೇಗಾಗ್ತಿತ್ತು ಇದು?”

“ಬಡಿಸಿದ್ದೆ ಅಕ್ಕ. ನೀವು ಎದ್ದು ಹೋದಿರಿ,” ಎಂದಳು ಅತ್ತಿಗೆ. ಗುಲಾಬಕ್ಕ ಮೂಗು ಒರೆಸಿಕೊಂಡು, “ಹೌದು ಮಾರಾಯ್ತಿ,” ಎಂದಳು.

ಇದನ್ನೆಲ್ಲ ತನ್ವಿಗೆ ಹೋಟೆಲಿನಲ್ಲಿ ಹೇಳುವುದು ಹೇಗೆ? “ಗೊತ್ತಿಲ್ಲ ಮಗಾ,” ಎಂದೆ. “ಇದನ್ನು ತಿಂದವರು ಯಾರಿಗಾದ್ರೂ ಮುಂದೆ ಯಾವತ್ತೋ ಇದರದ್ದೇ ಆಸೆ ಆದ್ರೆ, ಆಗ ಅಥೆಂಟಿಕ್ ಆಗ್ತದೋ ಏನೋ.” ಅವಳು ನನ್ನನ್ನು ವಿಚಿತ್ರವಾಗಿ ನೋಡಿ, ತಟ್ಟೆ ತನ್ನತ್ತ ಎಳೆದುಕೊಂಡು ಉಳಿದದ್ದನ್ನೂ ತಿಂದಳು.

ಅತ್ತಿಗೆಯ ಮುಖ ನೋಡಿದ್ದು ಕೊನೆಯದಾಗಿ ಬಜಪೆಯ ಏರ್‌ಪೋರ್ಟಿನಲ್ಲಿ. ಬ್ಯಾಂಕಾಕಿನಲ್ಲಿ ಅವಳ ತಂಗಿಗೆ ಹುಷಾರಿರಲಿಲ್ಲ, ನೋಡಿಕೊಳ್ಳಲು ಬೇರೆ ಜನವಿರಲಿಲ್ಲ. ಪೆಟ್ಟಿಗೆಗಳೆಲ್ಲ ಗಾಡಿಯಲ್ಲಿದ್ದವು, ಒಂದು ಬಟ್ಟೆಚೀಲವನ್ನು ಮಾತ್ರ ಮಗುವಿನಂತೆ ಎದೆಗೊತ್ತಿ ಹಿಡಿದಿದ್ದಳು. ಒಳಗೆ ಅದೇ ಗರಿಗರಿ ರೊಟ್ಟಿಯ ಪ್ಯಾಕೆಟುಗಳು.

“ಆಟಿಗೆ ನಾನು ಅಲ್ಲಿ ಬಡಿಸ್ತೇನೆ,” ಎಂದಳು. “ತುಳಸಿ ಹಾಕಿಯೇ ಕೋಳಿ ಮಾಡ್ತೇನೆ. ಜೊತೆಗೆ ಇದು.”

“ಆ ಕೋಳಿಗೂ ಈ ರೊಟ್ಟಿಗೂ ಸರಿ ಹೋಗ್ತದಾ ಅತ್ತಿಗೆ?”

“ಗೊತ್ತಿಲ್ಲ. ನಿಮ್ಮ ಅಣ್ಣ ಹೇಳ್ಬೇಕು.”

ಆಟಿಯ ಅದೇ ಸಂಜೆ ಇಲ್ಲಿ ಗುಲಾಬಕ್ಕನೂ ಎಲೆ ಹಾಕುತ್ತಾಳಲ್ಲ, ಅಣ್ಣ ಮೊದಲು ಎಲ್ಲಿಗೆ ಹೋಗಬೇಕು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಲ್ಲಿದ್ದವನು ಟಿಕೆಟು ನೋಡಿ ಅವಳನ್ನು ಒಳಗೆ ಬಿಟ್ಟ. ಗಾಜಿನಾಚೆ ಒಮ್ಮೆ ತಿರುಗಿದಳು. ಕೈ ಬೀಸಿದರೆ ರೊಟ್ಟಿ ಪುಡಿಯಾಗುತ್ತದೆ ಎಂದೇನೋ, ಗದ್ದ ಎತ್ತಿ ಒಮ್ಮೆ ತಲೆ ಆಡಿಸಿ, ಚೀಲವನ್ನು ಇನ್ನಷ್ಟು ಹತ್ತಿರ ಹಿಡಿದು, ಸಣ್ಣ ಹೆಜ್ಜೆ ಇಡುತ್ತ ನಡೆದುಹೋದಳು.