ಮೊದಲನೆಯದೋ, ಎರಡನೆಯದೋ

ಕನ್ನಡಕದ ಅಂಗಡಿಯ ಹಿಂದಿನ ಪುಟ್ಟ ಕತ್ತಲೆ ಕೋಣೆಯಲ್ಲಿ, ಬಂದವರ ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಒಂದೊಂದೇ ಗಾಜು ಬದಲಿಸುತ್ತ "ಮೊದಲನೇದು ಸ್ಪಷ್ಟವಾಗಿದೆಯಾ, ಎರಡನೇದಾ?" ಎಂದು ಕೇಳುವುದು ಅವನ ಕಸುಬು. ಜನ ಥಟ್ಟನೆ ಹೇಳಿಬಿಡುತ್ತಾರೆ. ಅಷ್ಟು ಬೇಗ ಹೇಗೆ ಹೇಳುತ್ತಾರೋ ಎಂದು ಅವನಿಗೆ ಇಂದಿಗೂ ಸೋಜಿಗ. ಅವನ ಎದುರು ಎರಡು ಅಂಗಿ ಇಟ್ಟರೆ ಮುಗಿಯಿತು, ಹೊರಡಬೇಕಾದ ಬಸ್ಸು ಹೋಗಿಯೇಬಿಡುತ್ತದೆ. ಏನು ಕೇಳಿದರೂ "ನೋಡೋಣ" ಎನ್ನುವುದರಿಂದ ಗೆಳೆಯರು ಅವನಿಗೆ ನೋಡೋಣ ಎಂದೇ ಹೆಸರಿಟ್ಟಿದ್ದರು. ಹೆಸರು ಒಪ್ಪಿಗೆಯೇ ಎಂದು ಕೇಳಿದ್ದಕ್ಕೂ ನೋಡೋಣ ಎಂದಿದ್ದನಂತೆ.

ಅಂಥವನ ಪಾಲಿಗೆ ಗಿಟಾರಿನ ಪಿಕಪ್ ಆರಿಸುವ ಕೆಲಸ ಬಂತು.

ಭಾನುವಾರಗಳಲ್ಲಿ ಅವನು ಗೆಳೆಯರ ವಾದ್ಯತಂಡದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾನೆ. ತಂತಿಗಳ ಕೆಳಗೆ, ಕತ್ತಿನ ಹತ್ತಿರ ಒಂದು, ಬುಡದ ಹತ್ತಿರ ಒಂದು, ಕೂದಲಿಗಿಂತ ಸಣ್ಣ ತಾಮ್ರದ ಎಳೆ ಸುತ್ತಿದ ಆಯಸ್ಕಾಂತಗಳು ಕೂತಿರುತ್ತವೆ. ಅವೇ ಪಿಕಪ್. ತಂತಿಯ ನಡುಕವನ್ನು ಹಿಡಿದು ಸ್ಪೀಕರ್ ಪೆಟ್ಟಿಗೆಗೆ ಮುಟ್ಟಿಸುವುದು ಅವುಗಳ ಕೆಲಸ. ಅವನ ಪಿಕಪ್‌ಗಳಿಗೆ ವಯಸ್ಸಾಗಿತ್ತು. ತಂತಿಯ ನಡುಕದ ಜೊತೆಗೆ ಟ್ಯೂಬ್‌ಲೈಟು, ಫ್ರಿಜ್ಜು, ಪಕ್ಕದ ಮನೆಯ ಮಿಕ್ಸಿ, ಎಲ್ಲದರ ಕರೆಂಟನ್ನೂ ಹಿಡಿದು ಗುಂಯ್ ಎನ್ನುತ್ತಿದ್ದವು. ತಂತಿಯ ಮೇಲೆ ಕೈಯಿಟ್ಟರೆ ಗುಂಯ್ ಅಡಗುತ್ತದೆ, ಕೈ ತೆಗೆದರೆ ಮತ್ತೆ ಶುರು.

ತಂಡದ ಹಾಡುಗಾರ ಅವನ ಶಾಲೆಯ ಗೆಳೆಯ. ಆದರೂ ಮುಲಾಜು ನೋಡಲಿಲ್ಲ. "ನಾನು ಮೆಲ್ಲಗೆ ಹಾಡೋ ಹೊತ್ತಿಗೆ ಸರಿಯಾಗಿ ನಿನ್ನ ಗಿಟಾರು ಗೊರಕೆ ಹೊಡೆಯುತ್ತೆ. ಪಿಕಪ್ ಬದಲಾಯಿಸು. ಇಲ್ಲಾಂದ್ರೆ ಮುಂದಿನ ಸಲ ಕೆಳಗಡೆ ಕೂತ್ಕೊಂಡು ಚಪ್ಪಾಳೆ ಹೊಡಿ" ಎಂದ. ವಾರವಿಡೀ ಕತ್ತಲೆ ಕೋಣೆಯಲ್ಲಿ ಇರುವವನಿಗೆ ವಾರಕ್ಕೊಮ್ಮೆ ಬೆಳಕಿನಲ್ಲಿ ನಿಲ್ಲುವ ಜಾಗ ಅದೊಂದೇ. ಅದು ತಪ್ಪಿಹೋದರೆ ಎಂದು ನೆನೆದೇ ಅವನಿಗೆ ಸಂಕಟವಾಯಿತು.

ಸರಿ, ಯಾವ ಪಿಕಪ್? ಕೇಳಿದವರೆಲ್ಲ ಹೇಳಿದರು. ಸುತ್ತು ಹೆಚ್ಚಿದ್ದರೆ ಸ್ವರ ದಪ್ಪ, ಕಡಿಮೆಯಿದ್ದರೆ ತೆಳು ಎಂದು ಒಬ್ಬ. ದಪ್ಪ ಅಂದರೆ ಮಂಕು, ಅತ್ತ ತಲೆಹಾಕಲೇಬೇಡ ಎಂದು ಇನ್ನೊಬ್ಬ. ಒಂದು ಪಿಕಪ್ "ಬೆಚ್ಚಗೆ" ಕೇಳಿಸುತ್ತದಂತೆ, ಮತ್ತೊಂದು "ಕೆನೆಕೆನೆಯಾಗಿ". ಕೊಳ್ಳುತ್ತಿರುವುದು ಗಿಟಾರಿಗೋ ಹಾಲಿನ ಪಾತ್ರೆಗೋ ಎಂದು ಅವನಿಗೆ ಅನುಮಾನ ಬಂತು. ಫೋನಿನಲ್ಲಿ ವಿಡಿಯೊ ನೋಡಿದ. ಗಡ್ಡದವನು ಹೊಗಳಿದ್ದನ್ನು ಟೋಪಿಯವನು ತೆಗಳುತ್ತಿದ್ದ. ಇಬ್ಬರ ಮಾತೂ ಸರಿಯೆನಿಸಿ ಅವನ ತಲೆ ಗಿರ್ರೆಂದಿತು.

"ರೀ, ನನ್ನನ್ನ ಅದು ಹೇಗೆ ಆರಿಸಿದ್ರಿ?" ಎಂದು ಹೆಂಡತಿ ಕೇಳಿದಳು.

"ಆರಿಸಿದ್ದು ನೀನಲ್ವಾ?"

ಅದು ನಿಜವಾದ್ದರಿಂದ ಅವಳು ನಗುತ್ತ ಒಳಗೆ ಹೋದಳು.

ಗಿಟಾರ್ ರಿಪೇರಿಯವನ ಅಂಗಡಿಯಲ್ಲಿ ಅವನು ಎರಡು ಬಗೆಯ ಪಿಕಪ್‌ಗಳನ್ನು ಕಣ್ಣುಮುಚ್ಚಿ ಕೇಳಿದ. "ಇದಾ ಸಾರ್, ಅದಾ?" "ಇನ್ನೊಂದ್ಸಲ." "ಈಗ?" "ನೋಡೋಣ." ಬೆಸುಗೆ ಕಡ್ಡಿ ಕಾದು ಕಾದು ಹೊಗೆಯಾಡತೊಡಗಿತು. ರಿಪೇರಿಯವನೂ ಹಾಗೆಯೇ ಆಗಿ, ಕಡೆಗೆ ತಾನೇ ಒಂದು ಬಗೆ ಆರಿಸಿ, ಎರಡೂ ಕಡೆಗೆ ಗುಂಯ್ ಎನ್ನದ ಹೊಸ ಪಿಕಪ್ ಬೆಸೆದು, ಹಳೆಯವನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟ.

ಮನೆಗೆ ಬಂದು ಹಜಾರದ ಮೂಲೆಯಲ್ಲಿ ಎಂದಿನ ಕುರ್ಚಿಯ ಮೇಲೆ ಕೂತು ಸ್ಪೀಕರ್ ಪೆಟ್ಟಿಗೆ ಹಚ್ಚಿದ. ತಂತಿಯಿಂದ ಕೈ ತೆಗೆದರೂ ಸದ್ದಿಲ್ಲ. ದಿನಾ ಸಂಜೆ ಅಲ್ಲಿ ಕೂತು ಅವನು ಗಿಟಾರು ನುಡಿಸುವುದಕ್ಕಿಂತ ತೊಡೆಯ ಮೇಲಿಟ್ಟುಕೊಂಡು ಯೋಚಿಸುವುದೇ ಹೆಚ್ಚು. ಆ ಸಂಜೆ ಅಷ್ಟೂ ಹೊತ್ತು ಆ ನಿಶ್ಶಬ್ದವನ್ನೇ ಅನುಭವಿಸಿದ.

ಆ ಮನೆಯಲ್ಲಿ ಅವನ ಅತ್ತೆಯೂ ಇದ್ದಾರೆ, ಹೆಂಡತಿಯ ತಾಯಿ. ಅವರಿಗೆ ಕಣ್ಣು ಕಾಣದು. ಬಂದ ಹೊಸತರಲ್ಲಿ ಅವನು ಅವರನ್ನು ಅಂಗಡಿಗೆ ಕರೆದೊಯ್ದು ಇದ್ದಬದ್ದ ಗಾಜನ್ನೆಲ್ಲ ಹಾಕಿ ನೋಡಿದ್ದ. "ಎರಡೂ ಒಂದೇ ಥರ ಇದೆ ಅಳಿಯಂದ್ರೇ" ಎಂದು ಪ್ರತಿ ಸಲವೂ ಅವರು ತಪ್ಪು ತಮ್ಮದೇ ಎಂಬಂತೆ ಹೇಳಿದ್ದರು. ಅಂದಿನಿಂದ ಇಬ್ಬರಿಗೂ ಸಂಕೋಚ. ಊಟ ಆಯ್ತಾ, ಆಯ್ತು ಎನ್ನುವುದರ ಆಚೆಗೆ ಮಾತು ಹೋಗುತ್ತಿರಲಿಲ್ಲ.

ದಿನಾ ಸಂಜೆ ಅತ್ತೆ ತಮ್ಮ ಕೋಣೆಯಿಂದ ಹಜಾರ ದಾಟಿ ಅಡುಗೆಮನೆಗೆ ತಾವಾಗಿ ಬಂದು, ಬೆಳ್ಳುಳ್ಳಿ ಸುಲಿಯುತ್ತ ಮಗಳ ಜೊತೆ ಹರಟುತ್ತಿದ್ದರು. ಆ ಸಂಜೆ ಬರಲಿಲ್ಲ. ಮರುದಿನ ಬಂದರು. ಹಜಾರದ ಮೆಟ್ಟಿಲು ಎಡವಿ ಮುಂದಕ್ಕೆ ಚಾಚಿದ ಕೈ ನೇರ ಅವನ ಮುಖದ ಮೇಲೆ ಬಿತ್ತು.

"ಯಾರು?"

"ನಾನೇ ಅತ್ತೆ."

ಅವರು ಕೈ ಸುಟ್ಟವರಂತೆ ಎಳೆದುಕೊಂಡು, ಗೋಡೆ ಹಿಡಿದು ಕೋಣೆ ಸೇರಿದರು. ಆಮೇಲೆ ಸಂಜೆಯ ಹೊತ್ತು ಹೊರಗೆ ಬರುವುದೇ ನಿಂತಿತು. ಅವನಿಗೆ ತಲೆಬುಡ ತಿಳಿಯಲಿಲ್ಲ. ಸಿಟ್ಟೇ? ತಾನು ಮಾಡಿದ್ದೇನು? ಅಥವಾ ಮಾಡದೇ ಬಿಟ್ಟದ್ದೇನು? ಅದೇ ಗುಂಗಿನಲ್ಲಿ ಅಂಗಡಿಯಲ್ಲಿ ಒಬ್ಬರ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿ ಬೈಸಿಕೊಂಡ.

"ಸಿಟ್ಟಲ್ಲ ರೀ" ಎಂದಳು ಹೆಂಡತಿ. "ನಿಮ್ಮ ಗಿಟಾರಿನ ಗುಂಯ್ ಹಿಡ್ಕೊಂಡೇ ಅಮ್ಮ ಓಡಾಡ್ತಿದ್ದದ್ದು. ಸದ್ದು ಹತ್ರ ಬಂದ್ರೆ ಮೆಟ್ಟಿಲು, ಸದ್ದು ಬೆನ್ನಿಗಾದ್ರೆ ಅಡುಗೆಮನೆ. ನಂಗೂ ಹೇಳಿದ್ದು ಈಗಲೇ."

"ನಂಗೆ ಹೇಳಬಾರದಾ?"

"ಗಿಟಾರು ಸರಿಹೋಗಿದೆ, ಖುಷಿಯಾಗಿದ್ದಾರೆ, ಹೇಳಬೇಡ ಅಂದ್ಲು."

ಅವನಿಗೆ ನಾಚಿಕೆಯಾಯಿತು. ಗುಂಯ್ ಬದಲಿಗೆ ಗಂಡಹೆಂಡತಿ ಗೋಡೆಯ ಬದಿಗೆ ರೇಡಿಯೋ ಹಚ್ಚಿಟ್ಟು ನೋಡಿದರು. ಅದು ಒಮ್ಮೆ ಪಿಸುಗುಟ್ಟಿ ಒಮ್ಮೆ ಅಬ್ಬರಿಸಿ ಅತ್ತೆಯನ್ನು ಇನ್ನಷ್ಟು ದಿಕ್ಕೆಡಿಸಿತು. ಅವನು ನೋಡೋಣ ಎನ್ನಲಿಲ್ಲ, ಗಿಟಾರು ಹೊತ್ತು ರಿಪೇರಿ ಅಂಗಡಿಗೆ ನಡೆದ.

"ಹಳೇದೇ ಹಾಕಿ. ಎರಡೂ."

ರಿಪೇರಿಯವನು ಅವನನ್ನೂ ಗಿಟಾರನ್ನೂ ನೋಡಿದ. "ಸಾರ್, ಇಷ್ಟು ದಿನ ನನ್ನ ತಲೆ ತಿಂದಿದ್ದು ಇದಕ್ಕಾ?"

ಸಂಜೆ ಮೂಲೆಯ ಕುರ್ಚಿಯಿಂದ ಗುಂಯ್ ಎದ್ದಿತು. ಅತ್ತೆಯ ಕೋಣೆಯ ಬಾಗಿಲು ತೆರೆಯಿತು. ಹೊಸ್ತಿಲಲ್ಲೇ ನಿಂತು ಅವರು ಕೇಳಿದರು. "ಮತ್ತೆ ನಿಮ್ಮ ಭಾನುವಾರ?"

"ಬಿಡಿ ಅತ್ತೆ, ಅದೇನು ದೊಡ್ಡದು."

"ನನ್ನ ಕಾಲಿಗೋಸ್ಕರ ನಿಮ್ಮ ಕೈ ಕಟ್ಟಿಹಾಕ್ಕೋಬೇಡಿ ಅಳಿಯಂದ್ರೇ. ಬಿಚ್ಚಿಸಿ ಅದನ್ನ."

ಅವನ ಬೆರಳು ಸುಮ್ಮನೆ ಗಿಟಾರಿನ ಸ್ವಿಚ್ಚಿನ ಮೇಲೆ ಆಡುತ್ತಿತ್ತು. ಅದನ್ನು ಅತ್ತ ತಳ್ಳಿದರೆ ಕತ್ತಿನ ಪಿಕಪ್, ಇತ್ತ ತಳ್ಳಿದರೆ ಬುಡದ್ದು. ಒಂದು ಸಲಕ್ಕೆ ಒಂದೇ ನುಡಿಯುತ್ತದೆ. ಹಾಗಿದ್ದ ಮೇಲೆ ಎರಡೂ ಹೊಸದೋ ಎರಡೂ ಹಳೆಯದೋ ಆಗಿಯೇ ಇರಬೇಕೆಂದು ಯಾರು ಹೇಳಿದ್ದು? ಎಷ್ಟೋ ವರ್ಷಗಳಿಂದ ದಿನವಿಡೀ ಆಡಿದ ಮಾತು ತಾನಾಗಿ ಬಾಯಿಗೆ ಬಂತು.

"ಅತ್ತೆ, ಇಲ್ಲಿ ಕೇಳಿ. ಮೊದಲನೇದಾ?" ಕತ್ತಿನದರ ಗುಂಯ್ ಕೇಳಿಸಿ, ಸ್ವಿಚ್ಚನ್ನು ಬುಡದ ಕಡೆಗೆ ತಳ್ಳಿದ. "ಎರಡನೇದಾ?"

"ಎರಡನೇದು."

"ಇನ್ನೊಂದ್ಸಲ ಕೇಳಿಸ್ಲಾ?"

"ಬೇಡ. ಮೊದಲನೇದು ಮಂಕು. ಎರಡನೇದು ಸ್ಪಷ್ಟವಾಗಿದೆ."

ಅವನೂ ಥಟ್ಟನೆ ತೀರ್ಮಾನಿಸಿಬಿಟ್ಟ. ಬುಡದ್ದು ಅತ್ತೆಗಾಗಿ ಹಳೆಯದೇ ಇರಲಿ, ಕತ್ತಿನ ಕಡೆಗೆ ಹೊಸದು, ಹಾಡುಗಾರ ಮೆಲ್ಲಗೆ ಹಾಡುವಾಗ ಅದು ಸಾಕು. ಅತ್ತೆ ಆಗಲೇ ಹೊಸ್ತಿಲು ಬಿಟ್ಟು ಹಜಾರಕ್ಕೆ ಇಳಿದಿದ್ದರು. ಕೈ ಗೋಡೆಯ ಮೇಲಿರಲಿಲ್ಲ. ಖುಷಿಗೆ ಒಂದು ಸ್ವರ ನುಡಿಸೋಣವೆಂದು ಅವನು ಬೆರಳಿಟ್ಟದ್ದೇ ತಡ, ಗುಂಯ್ ಅಡಗಿತು, ಅವರ ಹೆಜ್ಜೆಯೂ ನಿಂತಿತು.

"ಅಳಿಯಂದ್ರೇ, ತಂತಿ ಮುಟ್ಟಬೇಡಿ. ನಾನಿನ್ನೂ ದಾರೀಲಿದ್ದೀನಿ."