ಒಂದೇ ಸಾಮಾನಿಗೆ ನಾಲ್ಕು ಹೆಸರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಹಾನಗಲ್ಲಿನ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಸ್ಟಾಕ್ ಬರೆಯುತ್ತಿದ್ದೆ. ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲೂ ನಮ್ಮ ಮಾಲಕರ ಅಂಗಡಿಗಳಿದ್ದವು. ಏನು ಮಾರಾಟವಾಯಿತು, ಏನು ಉಳಿಯಿತು ಎಂದು ಅಲ್ಲಿಂದ ವಾರಕ್ಕೊಂದು ಕಾರ್ಡು ಬರುತ್ತಿತ್ತು. ಅದನ್ನು ನಾನು ಕಂಪ್ಯೂಟರಿಗೆ ಹಾಕುತ್ತಿದ್ದೆ. ಅದು ಹಾಕಿದ್ದನ್ನು ಇಟ್ಟುಕೊಳ್ಳುತ್ತಿತ್ತು, ಅಷ್ಟೇ. ಯಾವ ಊರಿಗೆ ಯಾವಾಗ ಎಷ್ಟು ಮಾಲು ಕಳಿಸಬೇಕೆಂಬುದು ಮಾಲಕರ ತಲೆಯಲ್ಲೇ ಇತ್ತು. ಬೇಸಿಗೆಯಲ್ಲಿ ಆ ಲೆಕ್ಕ ತಪ್ಪುತ್ತಿತ್ತು. ಹಿರೇಕೆರೂರಿನಲ್ಲಿ ವಾಷರ್ ಸಿಗದೆ ಜನ ತಿರುಗಿ ಹೋದ ವಾರವೇ ಸವಣೂರಿನಲ್ಲಿ ಅವು ಡಬ್ಬಿಗಟ್ಟಲೆ ಬಿದ್ದಿರುತ್ತಿದ್ದವು.

ಮುಂದೆ ಎಷ್ಟು ಬೇಕಾಗಬಹುದೆಂದು ಅಂದಾಜು ಹೇಳುವ ಪ್ರೋಗ್ರಾಮ್ ತೋರಿಸಲು ಹುಬ್ಬಳ್ಳಿಯಿಂದ ಇಬ್ಬರು ಬೇರೆ ಬೇರೆ ದಿನ ಬಂದರು. ದಿನವೂ ಕಂಪ್ಯೂಟರಿನ ಮುಂದೆ ಕೂರುವವಳು ನಾನೇ ಆದ್ದರಿಂದ ಮಾಲಕರು ನನ್ನನ್ನೂ ಕೂರಿಸಿಕೊಂಡರು.

ಮೊದಲನೆಯವರದು ನೋಡಲು ಚಂದವಿತ್ತು. ತೆರೆಯ ಮೇಲೆ ಗೆರೆಗಳು ಏರಿ ಇಳಿದವು.

"ನಮ್ಮ ಹಳೇ ಸ್ಟಾಕ್ ಇದಕ್ಕ ಓದಾಕ ಬರ್ತೈತೇನ್ರಿ?" ಎಂದು ಕೇಳಿದೆ.

"ಹಳೇದೆಲ್ಲಾ ಬಿಡ್ರಿ. ಹೊಸದಾಗಿ ಶುರು ಮಾಡೂಣು," ಎಂದರು ಅವರು.

ನಾನು ಎರಡು ವರ್ಷ ಕೂತು ಹಾಕಿದ್ದೆಲ್ಲ ಹೋಯಿತೆ ಎಂದು ಮನಸ್ಸಿಗೆ ಕಸಿವಿಸಿಯಾಯಿತು.

ಎರಡನೆಯವಳು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಂದವಳೇ ನಮ್ಮ ಸ್ಟಾಕನ್ನು ಒಂದು ಫ್ಲಾಪಿಗೆ ಹಾಕಿಸಿಕೊಂಡು ತನ್ನ ಪ್ರೋಗ್ರಾಮಿಗೆ ಓದಿಸಿದಳು. ಅದು ಓದಿತು. ಆದರೆ ಹಿರೇಕೆರೂರಿನಲ್ಲಿ ಫುಟ್‌ವಾಲ್ವ್ ಒಂದೂ ಮಾರಾಟವಾಗಿಲ್ಲ, ಮುಂದೆಯೂ ಬೇಡ ಎಂದಿತು. ಬಾವಿಯೊಳಗಿನ ಪೈಪಿನ ತುದಿಗೆ ಹಾಕುವ ಈ ವಾಲ್ವ್ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಹೋಗುತ್ತಿತ್ತು!

"ಇದು ಸುಳ್ಳ ಹೇಳಾಕತ್ತೈತಿ," ಎಂದರು ಮಾಲಕರು.

"ಸುಳ್ಳ ಹೇಳಾಕ ಅದಕ್ಕ ಬರೂದಿಲ್ರಿ. ಅಕ್ಕಾರ, ಕಾರ್ಡ್ ತೋರಸ್ರಿ," ಎಂದಳು ಅವಳು.

ನೆಲದ ಮೇಲೆ ಕಾರ್ಡು ಹರಡಿಕೊಂಡು ಕುಳಿತೆವು. ಹಾನಗಲ್ಲಿನ ನಾವು 'ಫುಟ್‌ವಾಲ್ವ್' ಎನ್ನುತ್ತಿದ್ದುದನ್ನು ಹಿರೇಕೆರೂರಿನವರು 'ಜಾಳಗಿ' ಎಂದು ಬರೆಯುತ್ತಿದ್ದರು. ಶಿಗ್ಗಾಂವಿಯವರಿಗೆ ಅದು 'ಬುಡದ ವಾಲ್', ಸವಣೂರಿನವರಿಗೆ 'ತಳದ ಜಾಲಿ'. ಅವರು ಬರೆದಂತೆಯೇ ನಾನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದೆ. ಕಂಪ್ಯೂಟರ್ ನಾಲ್ಕು ಬೇರೆ ಸಾಮಾನೆಂದು ತಿಳಿದಿತ್ತು. ನಾಚಿಕೆಯಾಯಿತು, ಆದರೆ ಇನ್ನೇನೇನು ಹೀಗಿದೆಯೋ ಎಂಬ ಕುತೂಹಲವೇ ಹೆಚ್ಚಾಯಿತು. ಊಟದ ಹೊತ್ತು ಮೀರಿದರೂ ಏಳಲಿಲ್ಲ. ವಾಷರಿಗೂ ಮೂರು ಹೆಸರು ಸಿಕ್ಕವು.

"ಎಲ್ಲಾರಿಗೂ ಒಂದ ಹೆಸರ ಬರೀರಿ ಅಂತ ಹೇಳಬೇಕೇನು?" ಎಂದೆ.

"ಬ್ಯಾಡ್ರಿ. ಅವರು ಬರದಂಗ ಬರೀಲಿ. ಎಲ್ಲಾ ಒಂದ ಅಂತ ಇದಕ್ಕ ಕಲಿಸೂಣು," ಎಂದಳು ಅವಳು.

"ಹಂಗಾರ ಈ ಪ್ರೋಗ್ರಾಮ ಇರ್ಲಿ," ಎಂದರು ಮಾಲಕರು.

ನನಗೆ ಮಾತ್ರ ಒಂದು ಪ್ರಶ್ನೆ ಉಳಿದಿತ್ತು. "ಮುಂದಿಂದು ಇದಕ್ಕ ಹ್ಯಾಂಗ ಗೊತ್ತಾಗ್ತೈತಿ?"

"ಗೊತ್ತಾಗೂದಿಲ್ರಿ ಅಕ್ಕಾರ. ಹ್ವಾದ ಬ್ಯಾಸಗಿ ನೋಡಿ ಅಂದಾಜ ಹೇಳ್ತೈತಿ. ಮಳಿ ಲಗೂ, ಹೊತ್ತಿಗಿಂತ ಮೊದಲ ಬಂದ್ರ ನೀವ ತಿದ್ದಬೇಕು."

ಆ ಬೇಸಿಗೆಯಲ್ಲಿ ಹಿರೇಕೆರೂರಿಗೆ ಅಲ್ಲಿಯವರು ಕೇಳುವ ಮೊದಲೇ, ಪ್ರೋಗ್ರಾಮಿನ ಅಂದಾಜಿನಂತೆ ಮಾಲು ಹೋಯಿತು. ಅಲ್ಲಿಯ ಅಂಗಡಿ ನೋಡಿಕೊಳ್ಳುವ ಹಿರಿಯರು ಮರುದಿನವೇ ಬಸ್ಸು ಹತ್ತಿ ಬಂದರು. "ನಾ ಇನ್ನೂ ಕಾರ್ಡ ಬರದಿಲ್ಲ, ಮಾಲು ಹೆಂಗ ಬಂತವಾ?" ಎಂದು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದರು. ಮುಂದಿನ ವಾರದ ಅಂದಾಜು ತೆಗೆದು ತೋರಿಸಿದೆ. ಕುರ್ಚಿ ಎಳೆದುಕೊಂಡು ಒಂದೊಂದೇ ಸಾಲು ಓದಿಸಿಕೊಂಡರು.

"ಪೈಪ್ ಇಷ್ಟ ಸಾಲೂದಿಲ್ಲ. ಬಾವ್ಯಾಗಿನ ನೀರು ಭಾಳ ಕೆಳಗ ಇಳದೈತಿ," ಎಂದರು.

ನಾನು ಅಂಕಿ ತಿದ್ದಿದೆ.